ಗಾಡಿ ಹೊರಟಿತು ಅಂದರೆ ಎಲ್ಲಿಂದ ಹೊರಟಿತು?

ಕಟ್ಟಡ ಕಟ್ಟುವ ಸೈಟಿನಲ್ಲಿ ಯಾರಾದರೂ ‘ತಡ ಆಯ್ತು’ ಅಂದರೆ ನಾನು ಈಗ ಮೊದಲು ಕೇಳುವುದು ‘ಯಾವಾಗಿನಿಂದ ಲೆಕ್ಕ?’ ಅಂತ. ಹೆಡ್ ಆಫೀಸಿನವರು ಶೆಡ್ಯೂಲಿನ ತಾರೀಖಿನಿಂದ ಎಣಿಸುತ್ತಾರೆ. ಕಾಂಕ್ರೀಟ್ ಪಂಪಿನ ಆಪರೇಟರ್ ಅದರ ಉದ್ದ ತೋಳು (ಬೂಮ್) ಬಿಚ್ಚಿ ನಿಂತ ಹೊತ್ತಿನಿಂದ ಎಣಿಸುತ್ತಾನೆ. ಫ್ಲ್ಯಾಟ್ ಬುಕ್ ಮಾಡಿದವರು ಕೀ ಕೈಗೆ ಸಿಗಬೇಕಿದ್ದ ದಿನದಿಂದ. ಕಾಂಕ್ರೀಟ್ ಎಣಿಸುವುದು ಸಿಮೆಂಟಿಗೆ ನೀರು ತಾಗಿದ ನಿಮಿಷದಿಂದ. ಅದರ ಹತ್ತಿರ ಚೌಕಾಸಿ ನಡೆಯುವುದಿಲ್ಲ.

ಇದು ಕಾಲೇಜಿನಲ್ಲೇ ಓದಿದ ವಿಷಯ. ಆದರೆ ಅದರ ಬಿಸಿ ತಟ್ಟಿದ್ದು ಹೋದ ಬೇಸಿಗೆಯಲ್ಲಿ, ಸರ್ಜಾಪುರ ರಸ್ತೆ ಕಡೆಯ ಒಂದು ಅಪಾರ್ಟ್‌ಮೆಂಟಿನ ಸ್ಲ್ಯಾಬ್ ಹಾಕುವ ದಿನ.

ಬೆಳಿಗ್ಗೆ ಎಲ್ಲ ಸರಿಯಾಗಿಯೇ ನಡೆದಿತ್ತು. ಮಧ್ಯಾಹ್ನದ ಹೊತ್ತಿಗೆ ಅರ್ಧ ಸ್ಲ್ಯಾಬ್ ಮುಗಿದಿತ್ತು. ಕಾಂಕ್ರೀಟ್ ತರುವ ಒಂದು ಟಿಎಂ (ಟ್ರಾನ್ಸಿಟ್ ಮಿಕ್ಸರ್ ಗಾಡಿ) ಖಾಲಿಯಾಗಿ ಹೊರಟಿತು, ಮುಂದಿನದು ಗೇಟಿನಲ್ಲಿ ಇರಲಿಲ್ಲ. ಕಾಂಕ್ರೀಟ್ ಪ್ಲಾಂಟಿನ ಡಿಸ್ಪ್ಯಾಚಿಗೆ, ಅಂದರೆ ಗಾಡಿ ಕಳಿಸುವವರಿಗೆ, ಫೋನ್ ಮಾಡಿದೆ. ‘ಹೊರಟಿತು ಸಾರ್’ ಅಂದರು. ಹೊರಟಿದ್ದರೆ ಒಂದು ಗಂಟೆಯೊಳಗೆ ಬರಬೇಕು. ಸಂಜೆ ಪೀಕ್ ಅವರ್ ಶುರುವಾದರೆ ದೊಡ್ಡ ಗಾಡಿ ತಡೆಯುತ್ತಾರೆ, ಆದರೆ ಅದಕ್ಕೆ ಇನ್ನೂ ಸಮಯ ಇತ್ತು. ಆ ಧೈರ್ಯದಲ್ಲಿ, ಪಂಪಿನ ಹಾಪರ್‌ನಲ್ಲಿ (ಕಾಂಕ್ರೀಟ್ ಸುರಿಯುವ ಬಾನಿ) ಉಳಿದದ್ದನ್ನು ಮುಂದಿನ ಬೇಗೆ, ಅಂದರೆ ಸ್ಲ್ಯಾಬಿನ ಮುಂದಿನ ಅಂಕಣಕ್ಕೆ, ತಳ್ಳಲು ಮೇಸ್ತ್ರಿಗೆ ಹೇಳಿದೆ. ಅಲ್ಲಿ ಒಂದು ಆಳವಾದ ಬೀಮ್ ಇತ್ತು. ಕಾಂಕ್ರೀಟಿನ ಅಂಚು ಕಾಲಮ್ಮಿನ ಹತ್ತಿರ, ನಿಲ್ಲಲೇಬಾರದ ಜಾಗದಲ್ಲಿ ಬಂದು ನಿಂತಿತು.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಫೋನ್ ಮಾಡಿದೆ. ‘ಬಂತು ಸಾರ್, ಇನ್ನೇನು ಬಂದೇ ಬಿಡ್ತು.’ ಆ್ಯಪ್ ತೆಗೆದು ನೋಡಿದರೆ ಗಾಡಿಯ ಗುರುತು ಪ್ಲಾಂಟಿನಲ್ಲೇ ಇತ್ತು. ಆದರೆ ಆ ಆ್ಯಪ್ ಯಾವಾಗಲೂ ಹಾಗೆಯೇ. ಗಾಡಿ ನಮ್ಮ ಗೇಟಿನಲ್ಲಿ ನಿಂತಿದ್ದರೂ ಪ್ಲಾಂಟಿನಲ್ಲೇ ಇದೆ ಅಂತ ತೋರಿಸಿದ್ದು ಎಷ್ಟೋ ಸಲ ನೋಡಿದ್ದೆ. ಹಾಗಾಗಿ ಅದನ್ನು ಬಿಟ್ಟು ಮನುಷ್ಯರ ಮಾತು ನಂಬಿದೆ. ದಿನಾ ಸುಳ್ಳು ತೋರಿಸುವ ಆ್ಯಪ್‌ಗೆ ಕಂಪನಿ ದುಡ್ಡು ಕಟ್ಟುತ್ತದೆ. ನಿಜ ತೋರಿಸಿದ ದಿನವೂ ಅದನ್ನು ನಂಬುವವರು ಇರಲಿಲ್ಲ. ಇದನ್ನು ರಿವ್ಯೂ ಮೀಟಿಂಗಿನಲ್ಲಿ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ.

ಆಮೇಲಿನ ನಿಮಿಷಗಳು ಕಷ್ಟದವು. ಶಟರಿಂಗ್ (ಕಾಂಕ್ರೀಟಿನ ಅಚ್ಚು) ಪ್ಲೈ ಕಾದು ಸುಡುತ್ತಿತ್ತು. ಅಂಚಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿದೆವು. ಪೈಪ್‌ಲೈನ್‌ನಲ್ಲಿ ಉಳಿದ ಮಾಲು ಗಟ್ಟಿಯಾದರೆ ಗತಿ ಏನು ಅಂತ ಪಂಪ್ ಆಪರೇಟರ್ ಲೈನ್ ತೊಳೆಯಲು ಅವಸರ ಮಾಡಿದ. ಲೈನ್ ತೊಳೆದರೆ ಆ ದಿನದ ಕೆಲಸ ಅಲ್ಲಿಗೆ ಮುಗಿದ ಹಾಗೆ. ಮೇಸ್ತ್ರಿ ರಾಯಚೂರು ಕಡೆಯವರು, ಈ ಕೆಲಸದಲ್ಲಿ ನನಗಿಂತ ಹಳಬರು. ಕಾಂಕ್ರೀಟನ್ನು ಅಲುಗಿಸಿ ಕೂರಿಸುವ ವೈಬ್ರೇಟರಿನ ನೀಡಲನ್ನು ಅಂಚಿನಲ್ಲಿ ಇಳಿಬಿಟ್ಟು ನೋಡಿದರು. ಅದು ತನ್ನ ತೂಕಕ್ಕೇ ಕೆಳಗಿಳಿದು, ಎಳೆದಾಗ ತೂತು ತಾನಾಗಿ ಮುಚ್ಚಿಕೊಂಡರೆ ಕಾಂಕ್ರೀಟಿಗೆ ಇನ್ನೂ ಜೀವ ಇದೆ ಅಂತ ಅರ್ಥ. ಮೊದಲ ಸಲ ತೂತು ಮುಚ್ಚಿತು. ಎರಡನೇ ಸಲವೂ ಮುಚ್ಚಿತು, ಆದರೆ ನಿಧಾನವಾಗಿ. ‘ಸರ, ಈಗ ಮಿದು ಐತ್ರಿ. ಇನ್ನ ಭಾಳ ಹೊತ್ತು ತಡಿಯಂಗಿಲ್ರಿ’ ಅಂದರು.

ಆಗ ಡಿಸ್ಪ್ಯಾಚಿಗೆ ಬೇರೆ ಪ್ರಶ್ನೆ ಕೇಳಿದೆ. ‘ಗಾಡಿಯ ಚೀಟಿಯಲ್ಲಿ ಬ್ಯಾಚಿಂಗ್ ಟೈಮ್ ಎಷ್ಟು?’ ಅಂದರೆ ಕಾಂಕ್ರೀಟ್ ಕಲಸಿದ ಹೊತ್ತು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ‘ಸಾರ್, ಈಗ ಲೋಡಿಂಗಿಗೆ ನಿಂತಿದೆ’ ಅಂದರು.

ಅಂದರೆ ನನಗೆ ‘ಹೊರಟಿತು’ ಅಂದಾಗ ಗಾಡಿ ಪಾರ್ಕಿಂಗಿನಿಂದ ಲೋಡಿಂಗ್ ಸಾಲಿಗೆ ಹೊರಟಿತ್ತು. ಅವರ ಲೆಕ್ಕದಲ್ಲಿ ಅದು ನಿಜವಾದ ಮಾತೇ.

ಮುಂದೇನು ಅಂತ ಮೇಸ್ತ್ರಿಯೂ ನಾನೂ ಜಾಸ್ತಿ ಚರ್ಚೆ ಮಾಡಲಿಲ್ಲ. ಕಾಲಮ್ಮಿನ ಹತ್ತಿರ ಕೋಲ್ಡ್ ಜಾಯಿಂಟ್ (ಗಟ್ಟಿಯಾದ ಮಾಲಿಗೆ ಹೊಸದು ಸರಿಯಾಗಿ ಬೆಸೆಯದ ಸಂದು) ಬಿಡುವ ಹಾಗಿಲ್ಲ, ಅಲ್ಲಿ ಶಿಯರ್, ಅಂದರೆ ಕತ್ತರಿಸುವ ಬಲ, ಜಾಸ್ತಿ. ಮಾಲು ಮಿದುವಾಗಿ ಇರುವಾಗಲೇ ಸನಿಕೆ ಹಿಡಿದು ಸ್ಪ್ಯಾನಿನ, ಅಂದರೆ ಎರಡು ಆಧಾರಗಳ ನಡುವಿನ ಅಂತರದ, ನಡುಭಾಗದವರೆಗೆ ವಾಪಸ್ ತೆಗೆಸಿದೆವು. ಅಲ್ಲಿ ಪ್ಲೈ ತುಂಡುಗಳನ್ನು ನೆಟ್ಟಗೆ ನಿಲ್ಲಿಸಿ ಸ್ಟಾಪ್ ಬೋರ್ಡ್ ಮಾಡಿ, ಆ ಅಂಚನ್ನು ವೈಬ್ರೇಟ್ ಮಾಡಿಸಿದೆವು. ತೆಗೆದ ಮಾಲೆಲ್ಲ ದಂಡ. ಆಳುಗಳ ಬೆನ್ನು ಮುರಿದು ಹೋಯಿತು. ಗಾಡಿ ಕೊನೆಗೆ ಬಂದಾಗ ಅದರ ಮಾಲನ್ನು ಕಾಂಪೌಂಡ್ ಗೋಡೆಯ ಪಿಸಿಸಿಗೆ (ಕಬ್ಬಿಣ ಇಲ್ಲದ ಸಾದಾ ಕಾಂಕ್ರೀಟ್) ಹಾಕಿಸಿದೆ. ಎಂ30 ದರ್ಜೆಯ ಗಟ್ಟಿ ಮಾಲನ್ನು ಪಿಸಿಸಿಗೆ ಹಾಕಿದ್ದಕ್ಕೆ ಬಿಲ್ಲಿಂಗಿನವರು ನನ್ನ ಮೇಲೆ ಕೂಗಾಡಿದರು. ಮರುದಿನ ಬೆಳಿಗ್ಗೆ ಜಾಯಿಂಟಿನ ಮುಖವನ್ನು ಚಿಪ್ ಮಾಡಿ, ವೈರ್ ಬ್ರಷ್ ಹಾಕಿ, ತೊಳೆದು ಮುಂದಿನ ಭಾಗ ಹಾಕಿದೆವು.

ಡಿಸ್ಪ್ಯಾಚಿನವರ ಮೇಲೆ ನನಗೆ ಆ ದಿನ ಕೋಪ ಬಂದಿತ್ತು, ಈಗ ಇಲ್ಲ. ನಾವು ಮಾತಾಡುವ ರೀತಿಯೇ ಹಾಗಲ್ವಾ? ಒಳಗಿನಿಂದ ಅಮ್ಮ ಊಟಕ್ಕೆ ಕರೆದರೆ ‘ಬಂದೆ’ ಅನ್ನುತ್ತೇವೆ, ಕುರ್ಚಿಯಿಂದ ಎದ್ದಿರುವುದಿಲ್ಲ. ಮನೆಯಲ್ಲಿ ಲುಂಗಿ ಉಟ್ಟುಕೊಂಡು ನಿಂತು ‘ಹೊರಟೆ’ ಅನ್ನುತ್ತೇವೆ. ಆಗಿ ಹೋದ ಕೆಲಸದ ರೂಪದಲ್ಲಿ ಆಗಲಿರುವ ಕೆಲಸ ಹೇಳುವುದು ಕನ್ನಡದಲ್ಲಿ ಸಹಜ. ಅದು ಕೇಳುವವರಿಗೆ ಕೊಡುವ ಭರವಸೆ. ಊಟದ ತಟ್ಟೆಯ ಮುಂದೆ ಅದು ಚೆನ್ನಾಗಿದೆ, ಸ್ಲ್ಯಾಬಿನ ಮೇಲೆ ಅಪಾಯ. ಸೈಟಿನ ಹಿಂದಿಯಲ್ಲಿ ಇನ್ನೂ ಹುಷಾರಾಗಿರಬೇಕು. ‘ಕಲ್’ ಅಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. ಕ್ಯೂರಿಂಗ್ (ಸ್ಲ್ಯಾಬನ್ನು ಒದ್ದೆ ಇಡುವುದು) ಆಯ್ತಾ ಅಂತ ಕೇಳಿ ‘ಕಲ್’ ಅನ್ನುವ ಒಂದೇ ಪದ ಕೇಳಿಸಿಕೊಂಡು ತಿರುಗಿ ಬಂದರೆ ಸ್ಲ್ಯಾಬ್ ಒಣಗುತ್ತದೆ. ಕ್ರಿಯಾಪದ ಕಿವಿಗೆ ಬೀಳುವವರೆಗೆ ನಿಲ್ಲಬೇಕು.

ದಿನ ಎಣಿಸುವುದರಲ್ಲೂ ಇದೇ ಗೋಳು. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ 4.5 ಮೀಟರ್ ಒಳಗಿನ ಸ್ಪ್ಯಾನಿನ ಸ್ಲ್ಯಾಬಿಗೆ ಪ್ರಾಪ್ (ಕೆಳಗಿನ ಆಸರೆ ಕಂಬ) ತೆಗೆಯಲು 7 ದಿನ, ಅದಕ್ಕಿಂತ ಜಾಸ್ತಿ ಇದ್ದರೆ 14 ದಿನ. 6 ಮೀಟರಿಗಿಂತ ದೊಡ್ಡ ಬೀಮಿಗೆ 21 ದಿನ. ಇವು ಕನಿಷ್ಠ ದಿನಗಳು. ನಮ್ಮಲ್ಲಿ ‘ಎಂಟು ದಿನ ಬಿಟ್ಟು ಬಾ’ ಅಂದರೆ ಮುಂದಿನ ವಾರ ಇದೇ ವಾರದಂದು ಬಾ ಅಂತ. ಇವತ್ತಿನ ದಿನವೂ ಲೆಕ್ಕಕ್ಕೆ ಸೇರುತ್ತದೆ. ಶಟರಿಂಗ್ ಗ್ಯಾಂಗಿನವರು ರಾತ್ರಿ ಮುಗಿದ ಸ್ಲ್ಯಾಬಿಗೆ ಆ ರಾತ್ರಿಯನ್ನೇ ಒಂದು ದಿನ ಅಂತ ಹಿಡಿದು, ಏಳನೇ ದಿನ ಬೆಳಿಗ್ಗೆ ಸ್ಪ್ಯಾನರ್ ಹಿಡಿದು ಬಂದದ್ದಿದೆ. ಅವರಿಗೆ ಮುಂದಿನ ಮಹಡಿಗೆ ಪ್ರಾಪ್ ಬೇಕು, ಅವಸರ ಅರ್ಥವಾಗುತ್ತದೆ. ಈಗ ನಾನು ಎಷ್ಟು ದಿನ ಅಂತ ಹೇಳುವುದೇ ಇಲ್ಲ. ಪ್ರಾಪಿನ ಮೇಲೆ ಚಾಕ್‌ನಲ್ಲಿ ತಾರೀಖು, ಗಂಟೆ ಬರೆಸುತ್ತೇನೆ. ಅದಕ್ಕೆ ಮುಂಚೆ ಮುಟ್ಟಬೇಡಿ, ಅಷ್ಟೇ.

ಇಷ್ಟೆಲ್ಲ ಆದಮೇಲೂ ತಡ ಅಂದರೆ ಕೆಟ್ಟದ್ದು ಅಂತ ಒಪ್ಪಲು ನನಗೆ ಮನಸ್ಸಿಲ್ಲ. ಸಿಮೆಂಟ್ ಫ್ಯಾಕ್ಟರಿಯಲ್ಲಿ ಕ್ಲಿಂಕರ್ (ಸುಟ್ಟ ಸಿಮೆಂಟ್ ಗಟ್ಟಿ) ಅರೆಯುವಾಗ ಜಿಪ್ಸಮ್ ಸೇರಿಸುವುದೇ ತಡ ಮಾಡಿಸಲು. ಅದಿಲ್ಲದಿದ್ದರೆ ನೀರು ಬಿದ್ದ ಸ್ವಲ್ಪ ಹೊತ್ತಿಗೇ ಸಿಮೆಂಟ್ ಬಿಗಿದುಕೊಳ್ಳುತ್ತದೆ. ಸಾಮಾನ್ಯ ಒಪಿಸಿ (ಆರ್ಡಿನರಿ ಪೋರ್ಟ್‌ಲ್ಯಾಂಡ್) ಸಿಮೆಂಟಿನ ಇನಿಶಿಯಲ್ ಸೆಟ್ಟಿಂಗ್, ಅಂದರೆ ಬಿಗಿಯಲು ಶುರುವಾಗುವುದು, 30 ನಿಮಿಷಕ್ಕಿಂತ ಬೇಗ ಆಗಬಾರದು, ಫೈನಲ್ 600 ನಿಮಿಷ ದಾಟಬಾರದು. ಆರ್‌ಎಂಸಿಗೆ (ಪ್ಲಾಂಟಿನಿಂದ ಬರುವ ರೆಡಿಮಿಕ್ಸ್ ಕಾಂಕ್ರೀಟ್) ಐಎಸ್ 4926 ಲೋಡ್ ಆದ 2 ಗಂಟೆಯೊಳಗೆ ಇಳಿಸಬೇಕು ಅನ್ನುತ್ತದೆ. ರಿಟಾರ್ಡರ್ (ಬಿಗಿಯುವುದನ್ನು ತಡ ಮಾಡಿಸುವ ರಾಸಾಯನಿಕ) ಹಾಕಿದ್ದರೆ ಅದಕ್ಕಿಂತ ಜಾಸ್ತಿ ಹೊತ್ತಿಗೆ ಅವಕಾಶ ಇದೆ. ಬೆಂಗಳೂರಿನ ಟ್ರಾಫಿಕ್ಕಿಗೆ ಆ ರಿಟಾರ್ಡರ್ ಇಲ್ಲದೆ ಉಳಿಗಾಲವಿಲ್ಲ. ನಾವು ದುಡ್ಡು ಕೊಟ್ಟು ತಡವನ್ನು ಕೊಳ್ಳುತ್ತೇವೆ. ಹಾಗೆ ಕೊಂಡ ಹೊತ್ತನ್ನು ಒಂದು ತಪ್ಪು ಫೋನ್ ಮಾತು ನುಂಗಿಬಿಟ್ಟರೆ ಹೊಟ್ಟೆ ಉರಿಯುತ್ತದೆ. ಇನ್ನೊಂದು ಕಡೆ, ಗಾಡಿ ತಡವಾಯಿತು ಅಂತ ಡ್ರಮ್ಮಿಗೆ ನೀರು ಬಿಟ್ಟು ಸ್ಲಂಪ್ (ಮಾಲಿನ ಮಿದುತನದ ಅಳತೆ) ಸರಿ ಮಾಡುವವರೂ ಇದ್ದಾರೆ. ಅದು ಹೋದ ಹೊತ್ತನ್ನು ವಾಪಸ್ ತರುವುದಿಲ್ಲ, ಬಲವನ್ನು ಕಡಿಮೆ ಮಾಡುತ್ತದೆ. ನನ್ನ ಸೈಟಿನಲ್ಲಿ ಅದಕ್ಕೆ ಜಾಗ ಇಲ್ಲ.

ಆ ದಿನದ ತಡಕ್ಕೆ ಹಿಂಡ್ರೆನ್ಸ್ ರಿಜಿಸ್ಟರಿನಲ್ಲಿ (ಕೆಲಸಕ್ಕೆ ಬಂದ ಅಡ್ಡಿಗಳ ದಾಖಲೆ) ಏನು ಬರೆಯಬೇಕು ಅಂತ ಕೇಳಿದರೆ ‘ಟ್ರಾಫಿಕ್ ಅಂತ ಹಾಕಿ’ ಅನ್ನುವ ಉತ್ತರ ಬಂತು. ನಾನು ಹಾಕಲಿಲ್ಲ. ಗಾಡಿ ರಸ್ತೆಗೇ ಇಳಿದಿರಲಿಲ್ಲ. ಇಒಟಿ, ಅಂದರೆ ಕೆಲಸ ಮುಗಿಸಲು ಹೆಚ್ಚಿನ ಕಾಲಾವಕಾಶ, ಕೇಳುವಾಗ ಅನುಕೂಲ ಆಗಲಿ ಅಂತ ಕಾರಣ ಬದಲಾಯಿಸಿದರೆ ಮುಂದಿನ ಸ್ಲ್ಯಾಬಿನಲ್ಲೂ ಅದೇ ಆಗುತ್ತದೆ. ಈ ಸಣ್ಣ ತಡಗಳು ಒಂದರ ಮೇಲೊಂದು ಸೇರಿ ಕೊನೆಗೆ ಹೋಗಿ ನಿಲ್ಲುವುದು ಮನೆ ಕೊಂಡವರ ಹತ್ತಿರ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಒಪ್ಪಿದ ದಿನಕ್ಕೆ ಮನೆ ಕೊಡದಿದ್ದರೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಕೊಡಬೇಕು. ಬಾಡಿಗೆ, ಇಎಂಐ ಎರಡನ್ನೂ ಕಟ್ಟುತ್ತಿರುವವರಿಗೆ ‘ಇನ್ನೇನು ಆಯ್ತು’ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಈಗ ಪ್ಲಾಂಟಿನವರೂ ನಾವೂ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಫೋನಿನಲ್ಲಿ ‘ಹೊರಟಿತು, ಬಂತು’ ಅನ್ನುವಂತಿಲ್ಲ. ಗಾಡಿ ನಂಬರ್, ಚೀಟಿಯ ಬ್ಯಾಚಿಂಗ್ ಟೈಮ್, ಈಗ ದಾಟಿದ ಜಂಕ್ಷನ್, ಈ ಮೂರು ಹೇಳಬೇಕು. ಮುಂದಿನ ಗಾಡಿಯ ಬ್ಯಾಚಿಂಗ್ ಟೈಮ್ ಸಿಗುವವರೆಗೆ ಸ್ಪ್ಯಾನಿನ ನಡು ದಾಟಿ ಕಾಂಕ್ರೀಟ್ ತಳ್ಳುವುದಿಲ್ಲ. ರಿಪೋರ್ಟಿನ ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಕಾಲಮ್ ಬೇಕು ಅಂತ ಮೇಲ್ ಹಾಕಿ ತುಂಬ ದಿನ ಆಯಿತು. ಕಾಲಮ್ ಬರುವವರೆಗೆ ಪೋರ್ ಕಾರ್ಡಿನ (ಕಾಂಕ್ರೀಟ್ ಹಾಕಲು ಒಪ್ಪಿಗೆ ಪಡೆಯುವ ಚೀಟಿ) ಹಿಂದೆ ಪೆನ್ನಿನಲ್ಲಿ ಬರೆಯುತ್ತಿದ್ದೇವೆ. ಮೇಸ್ತ್ರಿಯೂ ಅದನ್ನು ಓದಿ ಸಹಿ ಹಾಕುತ್ತಾರೆ.