ಅಮೆರಿಕದ ಫಾರ್ಮ್ ಇಂಟರ್ನ್‌ಶಿಪ್: ಡಿಎಸ್-7002 ಓದದೆ ಸಹಿ ಹಾಕಬೇಡಿ

ಬಿಎಸ್ಸಿ ಅಗ್ರಿ, ತೋಟಗಾರಿಕೆ, ಪಶುವೈದ್ಯಕೀಯ ಓದುವ ಹುಡುಗ ಹುಡುಗಿಯರು ಅಮೆರಿಕದ ಇಂಟರ್ನ್‌ಶಿಪ್ ಎಂದೊಡನೆ ಚಿಂತೆ ಮಾಡುವುದು ವೀಸಾ ಇಂಟರ್‌ವ್ಯೂ ಬಗ್ಗೆ. ಆದರೆ ವರ್ಷವಿಡೀ ಏನು ಕಲಿಯುತ್ತೀರಿ, ಎಷ್ಟು ಗಂಟೆ ದುಡಿಯುತ್ತೀರಿ, ಎಷ್ಟು ಸಂಬಳ ಸಿಗುತ್ತದೆ ಎಂಬುದೆಲ್ಲ ಇಂಟರ್‌ವ್ಯೂಗೆ ಮೊದಲೇ ಡಿಎಸ್-7002 ಎಂಬ ತರಬೇತಿ ಯೋಜನೆಯ ಫಾರಂನಲ್ಲಿ ಬರೆದಾಗಿರುತ್ತದೆ. ಹೆಚ್ಚಿನವರು ಇದರ ಕೊನೆ ಪುಟ ತಿರುಗಿಸಿ ಸಹಿ ಹಾಕಿ ಕಳಿಸಿಬಿಡುತ್ತಾರೆ.

ಮೊದಲು ಅರ್ಹತೆ. ಇಂಥ ತರಬೇತಿಗೆ ಹೋಗುವವರಿಗೆ ಕೊಡುವ ಜೆ-1 ವೀಸಾದ ಇಂಟರ್ನ್ ವಿಭಾಗಕ್ಕೆ ನೀವು ಇನ್ನೂ ಓದುತ್ತಿರಬೇಕು, ಇಲ್ಲವೇ ಕಾರ್ಯಕ್ರಮ ಶುರುವಾಗುವ ದಿನಕ್ಕೆ ಪದವಿ ಮುಗಿದು 12 ತಿಂಗಳು ದಾಟಿರಬಾರದು. ಗರಿಷ್ಠ ಅವಧಿ 12 ತಿಂಗಳು. ನಮ್ಮ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಕೊನೆಯ ವರ್ಷ ಗ್ರಾಮೀಣ ಕೃಷಿ ಕಾರ್ಯಾನುಭವ ಇರುವುದರಿಂದ ಪದವಿ ಮುಗಿಸಿ ಹೊರಡುವುದೇ ಅನುಕೂಲ. ಆದರೆ ಎಂಎಸ್ಸಿ ಪ್ರವೇಶ ಪರೀಕ್ಷೆ, ಕೆಲಸದ ಪ್ರಯತ್ನ ಎಂದು ವರ್ಷ ಕಳೆದರೆ ಈ ಬಾಗಿಲು ಮುಚ್ಚುತ್ತದೆ. ಆಮೇಲೆ ಉಳಿಯುವುದು ಟ್ರೇನಿ ವಿಭಾಗ. ಅದಕ್ಕೆ ಪದವಿಯ ಜತೆ ಅದೇ ಕ್ಷೇತ್ರದಲ್ಲಿ ಒಂದು ವರ್ಷದ ಅನುಭವ ಬೇಕು.

ಜೆ-1 ವೀಸಾಗೆ ಬೇಕಾದ ಅರ್ಹತಾ ಪತ್ರ ಡಿಎಸ್-2019 ಕೊಡುವ ಅಧಿಕಾರ ಇರುವುದು ಅಮೆರಿಕದ ವಿದೇಶಾಂಗ ಇಲಾಖೆ ಒಪ್ಪಿದ ಪ್ರಾಯೋಜಕ ಸಂಸ್ಥೆಗೆ ಮಾತ್ರ. ಊರಿನ ಕನ್ಸಲ್ಟೆನ್ಸಿಗೂ ಇಲ್ಲ, ಫಾರ್ಮ್ ಮಾಲೀಕನಿಗೂ ಇಲ್ಲ. ಇಲಾಖೆಯ ಜೆ-1 ವೆಬ್‌ಸೈಟಿನಲ್ಲಿ ಪ್ರಾಯೋಜಕರ ಪಟ್ಟಿ ಇದೆ. ನಿಮ್ಮ ಸಂಸ್ಥೆ ಅದರಲ್ಲಿ ಇಂಟರ್ನ್ ವಿಭಾಗದಡಿ ಇದೆಯೇ ನೋಡಿಕೊಳ್ಳಿ. 'ವೀಸಾ ಗ್ಯಾರಂಟಿ' ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ವೀಸಾ ಕೊಡುವವರು ಬೇರೆ.

ಈಗ ಡಿಎಸ್-7002. ಇದರಲ್ಲಿ ವರ್ಷವನ್ನು ಹಂತಗಳಾಗಿ ಒಡೆದು, ಪ್ರತಿ ಹಂತದಲ್ಲಿ ಯಾರು ಕಲಿಸುತ್ತಾರೆ, ಏನು ಕಲಿಸುತ್ತಾರೆ, ಕಲಿತದ್ದನ್ನು ಹೇಗೆ ಅಳೆಯುತ್ತಾರೆ ಎಂದು ಬರೆದಿರಬೇಕು. ಕೌಶಲ ಬೇಡದ ಕೂಲಿ ಕೆಲಸಕ್ಕೆ ಜೆ-1 ಬಳಸುವಂತಿಲ್ಲ ಎಂಬುದು ನಿಯಮ. 'ಫಾರ್ಮ್‌ನ ಸಾಮಾನ್ಯ ಕೆಲಸಗಳು' ಎಂದಷ್ಟೇ ಇದ್ದರೆ ವೀಸಾ ಅಧಿಕಾರಿಗೂ ಅನುಮಾನ ಬರುತ್ತದೆ, ಅಲ್ಲಿ ಹೋದ ಮೇಲೆ ನಿಮಗೂ ಕೇಳುವ ಆಧಾರ ಇರುವುದಿಲ್ಲ. ಹೈನುಗಾರಿಕೆಯ ಒಳ್ಳೆಯ ಯೋಜನೆ ಹೀಗಿರುತ್ತದೆ: ಮೊದಲ ಮೂರು ತಿಂಗಳು ಮಿಲ್ಕಿಂಗ್ ಪಾರ್ಲರ್ ಮತ್ತು ಕೆಚ್ಚಲು ಬಾವಿನ ಪತ್ತೆ, ಆಮೇಲೆ ಕರುಗಳ ಪಾಲನೆ, ಅಂದರೆ ಬ್ರಿಕ್ಸ್ ಮಾಪಕದಲ್ಲಿ ಗಿಣ್ಣು ಹಾಲಿನ ಗುಣಮಟ್ಟ ನೋಡುವುದು (22ಕ್ಕಿಂತ ಕಡಿಮೆ ಬಂದರೆ ಒಳ್ಳೆಯ ಗಿಣ್ಣು ಅಲ್ಲ), ಹುಟ್ಟಿದ ಮೊದಲ ಕೆಲವೇ ಗಂಟೆಗಳಲ್ಲಿ ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು ಕುಡಿಸುವುದು, ನಂತರ ರಸಮೇವು (ಸೈಲೇಜ್), ಎಲ್ಲ ಮೇವು ಬೆರೆಸಿದ ಮಿಶ್ರ ಪಡಿತರ, ಕೊನೆಗೆ ಗರ್ಭಧಾರಣೆಯ ದಾಖಲೆಗಳು. ಇಂಟರ್‌ವ್ಯೂನಲ್ಲಿ 'ಅಲ್ಲಿ ಏನು ಕಲಿಯುತ್ತೀಯ?' ಎಂಬ ಪ್ರಶ್ನೆಗೆ ಉತ್ತರವೂ ಇದೇ. ಫಾರಂನಲ್ಲಿ ಇರುವುದನ್ನು ನಿಮ್ಮ ಮಾತಿನಲ್ಲಿ ಹೇಳಲು ಬರಬೇಕು.

ಹಣದ ಸಾಲುಗಳನ್ನು ಎರಡು ಸಲ ಓದಿ. ವಾರಕ್ಕೆ ಕನಿಷ್ಠ 32 ಗಂಟೆ ಕೆಲಸ ಇರಲೇಬೇಕು, ಹೆಚ್ಚು ಎಷ್ಟು ಎಂಬುದನ್ನು ಕೇಳಿ. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಕೃಷಿ ಕೆಲಸಕ್ಕೆ ಓವರ್‌ಟೈಮ್ ಕಡ್ಡಾಯವಿಲ್ಲ. ಕೆಲವು ರಾಜ್ಯಗಳಲ್ಲಿ ಇದೆ. ಆದ್ದರಿಂದ 60 ಗಂಟೆ ದುಡಿದರೂ ಗಂಟೆಯ ದರ ಒಂದೇ ಆಗಿರಬಹುದು. ಮನೆ ಬಾಡಿಗೆ, ಕರೆಂಟು, ಇಂಟರ್ನೆಟ್ಟು, ಪೇಟೆಗೆ ಹೋಗಿಬರುವ ಗಾಡಿ, ಇವುಗಳಲ್ಲಿ ಯಾವುದನ್ನು ಸಂಬಳದಿಂದ ಮುರಿಯುತ್ತಾರೆ ಎಂಬುದನ್ನು ಬಾಯಿಮಾತಿಗೆ ಬಿಡದೆ ಬರೆಸಿಕೊಳ್ಳಿ.

ಸಣ್ಣ ಫಾರ್ಮ್ ಸಿಕ್ಕಿದ್ದರೆ ಇನ್ನೊಂದು ವಿಷಯ. ಆ ಫಾರ್ಮ್ ಹಿಂದೆ ಈ ಪ್ರಾಯೋಜಕರ ಮೂಲಕ ಇಂಟರ್ನ್‌ಗಳನ್ನು ತೆಗೆದುಕೊಂಡಿರದೆ, ಅದರ ಕೆಲಸಗಾರರು 25ಕ್ಕಿಂತ ಕಡಿಮೆ ಅಥವಾ ವಾರ್ಷಿಕ ವಹಿವಾಟು 30 ಲಕ್ಷ ಡಾಲರಿಗಿಂತ ಕಡಿಮೆ ಇದ್ದರೆ, ಪ್ರಾಯೋಜಕರು ಮೊದಲು ಸ್ಥಳಕ್ಕೆ ಹೋಗಿ ನೋಡಬೇಕು. ಇದಕ್ಕೆ ವಾರಗಳು ಹಿಡಿಯುತ್ತವೆ. ಆರು ತಿಂಗಳು ಮೊದಲೇ ಶುರು ಮಾಡಿ ಎನ್ನುವುದು ಇದಕ್ಕೇ.

ನಮ್ಮ ಕಡೆಯವರು ಸಿಕ್ಕಿಬೀಳುವುದು ಹೆಸರಿನಲ್ಲಿ. ಅಂಕಪಟ್ಟಿಯಲ್ಲಿ 'ಮಂಜುನಾಥ ಎಚ್. ಆರ್.', ಆಧಾರ್‌ನಲ್ಲಿ ಬರೀ 'ಮಂಜುನಾಥ', ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಹೀಗಿದ್ದರೆ ವೀಸಾದಲ್ಲಿ ಇರುವ ಒಂದೇ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ) ಎಂದು ಅಚ್ಚಾಗುತ್ತದೆ. ಆಮೇಲೆ ಬ್ಯಾಂಕ್ ಖಾತೆ, ಸೋಷಿಯಲ್ ಸೆಕ್ಯುರಿಟಿ ಕಾರ್ಡು, ಡ್ರೈವಿಂಗ್ ಲೈಸೆನ್ಸು ಎಲ್ಲದರಲ್ಲೂ ಅದೇ ಹೆಸರು ಬೆನ್ನಿಗೆ ಬೀಳುತ್ತದೆ. ಡಿಎಸ್-2019 ಪಾಸ್‌ಪೋರ್ಟಿನ ಹೆಸರಿನಂತೆಯೇ ಬರುವುದರಿಂದ, ಪಾಸ್‌ಪೋರ್ಟ್ ತಿದ್ದಿಸುವುದಿದ್ದರೆ ಪ್ರಾಯೋಜಕರಿಗೆ ಅರ್ಜಿ ಹಾಕುವ ಮೊದಲೇ ತಿದ್ದಿಸಿ.

ಡಿಎಸ್-2019 ಕೈಗೆ ಬಂದ ಮೇಲೆ ಸೆವಿಸ್ (ವಿದೇಶಿ ವಿದ್ಯಾರ್ಥಿ, ಇಂಟರ್ನ್‌ಗಳ ದಾಖಲೆ ಇಡುವ ಅಮೆರಿಕ ಸರಕಾರದ ವ್ಯವಸ್ಥೆ) ಶುಲ್ಕ 220 ಡಾಲರ್, ವೀಸಾ ಅರ್ಜಿ ಶುಲ್ಕ 185 ಡಾಲರ್. ಎರಡೂ ಬೇರೆ ಬೇರೆ, ಎರಡಕ್ಕೂ ರಸೀದಿ ಇಟ್ಟುಕೊಳ್ಳಿ. ಕಟ್ಟುವ ಮುನ್ನ ಆ ದಿನದ ದರ ನೋಡಿ. 2025ರ ಜೂನ್‌ನಿಂದ ಜೆ ವೀಸಾ ಅರ್ಜಿದಾರರು ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇಡಬೇಕಾಗಿದೆ. ಕಾರ್ಯಕ್ರಮ ಶುರುವಾಗುವ ದಿನಕ್ಕಿಂತ 30 ದಿನ ಮೊದಲು ಅಮೆರಿಕ ತಲುಪಬಹುದು, ಆದರೆ ಆ ದಿನದವರೆಗೆ ಕೆಲಸ ಮಾಡುವಂತಿಲ್ಲ. ಮುಗಿದ ಮೇಲಿನ 30 ದಿನವೂ ಸುತ್ತಾಟಕ್ಕೆ ಮಾತ್ರ.

ವಿಮೆ ಪ್ರಾಯೋಜಕರ ಮೂಲಕವೇ ಬರುವುದು ರೂಢಿ. ಪ್ರತಿ ಕಾಯಿಲೆ ಅಥವಾ ಅಪಘಾತಕ್ಕೆ ಕನಿಷ್ಠ ಒಂದು ಲಕ್ಷ ಡಾಲರ್ ರಕ್ಷಣೆ ಕಡ್ಡಾಯ. ಹಲ್ಲು ಮತ್ತು ಹಳೆಯ ಕಾಯಿಲೆ ಸಾಮಾನ್ಯವಾಗಿ ಇದರೊಳಗೆ ಬರುವುದಿಲ್ಲ. ಹುಳುಕು ಹಲ್ಲಿದ್ದರೆ ಊರಿನಲ್ಲೇ ತುಂಬಿಸಿ, ಟೆಟನಸ್ ಚುಚ್ಚುಮದ್ದೂ ಇಲ್ಲೇ ಹಾಕಿಸಿ.

ಸಾಮಾನು ಕಟ್ಟುವಾಗ ದನದ ಕೊಟ್ಟಿಗೆಯನ್ನು ನೆನಪಿನಲ್ಲಿಡಿ. ಅಮೆರಿಕದಲ್ಲಿ 1929ರ ನಂತರ ಕಾಲುಬಾಯಿ ಜ್ವರ ಕಾಣಿಸಿಲ್ಲ, ನಮ್ಮಲ್ಲಿ ಇದೆ. ಅದಕ್ಕೇ ಕಸ್ಟಮ್ಸ್‌ನಲ್ಲಿ ಫಾರ್ಮ್‌ಗೆ ಹೋಗಿದ್ದಿರಾ, ಜಾನುವಾರುಗಳ ಹತ್ತಿರ ಇದ್ದಿರಾ ಎಂದು ಕೇಳುತ್ತಾರೆ. ಹೌದಾದರೆ ಹೌದು ಎನ್ನಿ. ತಪಾಸಣೆಗೆ ಕಳಿಸುತ್ತಾರೆ, ಅಷ್ಟೇ. ಸುಳ್ಳು ಹೇಳಿ ಬೂಟಿನ ಅಡಿಯಲ್ಲಿ ಮಣ್ಣು ಸಿಕ್ಕರೆ ಕಷ್ಟ. ಊರಲ್ಲಿ ಗದ್ದೆಗೆ, ಕೊಟ್ಟಿಗೆಗೆ ಹಾಕಿದ ಬೂಟು, ಬಟ್ಟೆ ಒಯ್ಯಲೇಬೇಡಿ. ಇಲ್ಲಿನ ದನಗಳನ್ನು ಮುಟ್ಟಿ ಕನಿಷ್ಠ 5 ದಿನ ಕಳೆಯದೆ ಅಲ್ಲಿನ ಹಸುಗಳ ಹತ್ತಿರ ಹೋಗಬಾರದು. ಬಿತ್ತನೆ ಬೀಜ, ಮಣ್ಣು, ಹಸಿ ಕರಿಬೇವು ಬೇಡ. ಕರಿಬೇವು ನಿಂಬೆ ಜಾತಿಯ ಗಿಡ, ಕಿತ್ತಳೆ ತೋಟಗಳನ್ನು ಹಾಳು ಮಾಡುವ ಕೀಟ ಅದರ ಜತೆ ಹೋಗುತ್ತದೆ. ಇಲ್ಲಿಯ ಮಿಕ್ಸಿ, ರೈಸ್ ಕುಕ್ಕರೂ ಬೇಡ, ಅಲ್ಲಿ ಕರೆಂಟು 120 ವೋಲ್ಟ್.

ಹೋಗುವ ಮುನ್ನ ಕೈಗೆ ಅಭ್ಯಾಸವಾಗಬೇಕಾದದ್ದು ಹಾಲು ಕರೆಯುವ ಕ್ರಮ ಮತ್ತು ಅಳತೆಗಳು. ಪಾರ್ಲರ್‌ನಲ್ಲಿ ಮೂರ್ನಾಲ್ಕು ಸೆಳೆ ಹಾಲು ಹಿಂಡಿ ಪರೀಕ್ಷಿಸಿ, ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ 30 ಸೆಕೆಂಡ್ ಬಿಟ್ಟು, ಪ್ರತಿ ಹಸುವಿಗೂ ಬೇರೆ ಬಟ್ಟೆಯಿಂದ ಒರೆಸಿ, ಮೊದಲು ಮುಟ್ಟಿದ ಒಂದರಿಂದ ಎರಡು ನಿಮಿಷದೊಳಗೆ ಯಂತ್ರ ಹಾಕಬೇಕು. ತೊಟ್ಟು ಮುಟ್ಟಿದಾಗ ಹಸುವಿನ ದೇಹದಲ್ಲಿ ಹಾಲಿಳಿಸುವ ಆಕ್ಸಿಟೋಸಿನ್ ಏರುತ್ತದೆ. ಆತುರಪಟ್ಟು ಕೂಡಲೇ ಯಂತ್ರ ಹಾಕಿದರೆ ಹಾಲು ಇಳಿಯುವ ಮೊದಲೇ ನಿರ್ವಾತ ತೊಟ್ಟನ್ನು ಎಳೆದು ನೋಯಿಸುತ್ತದೆ. ತೀರಾ ತಡ ಮಾಡಿದರೆ ಕೆಚ್ಚಲಿನಲ್ಲಿ ಹಾಲು ಉಳಿಯುತ್ತದೆ. 2024ರ ಮಾರ್ಚ್‌ನಲ್ಲಿ ಅಲ್ಲಿನ ಹಾಲಿನ ಹಸುಗಳಲ್ಲಿ ಹಕ್ಕಿಜ್ವರ ಪತ್ತೆಯಾಯಿತು. ಹಾಗಾಗಿ ಪಾರ್ಲರ್‌ನಲ್ಲಿ ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಕೊಡುತ್ತಾರೆಯೇ ಎಂದು ಕೇಳಿ.

ಅಳತೆಗಳಲ್ಲಿ ತಪ್ಪಿದರೆ ಔಷಧಿಯ ಡೋಸ್ ತಪ್ಪುತ್ತದೆ. ಹಾಲಿನ ಬೆಲೆ ಹೇಳುವುದು ಹಂಡ್ರೆಡ್‌ವೇಟ್ ಲೆಕ್ಕದಲ್ಲಿ, ಅಂದರೆ 100 ಪೌಂಡ್, 45.4 ಕಿಲೊ. ಮೆಕ್ಕೆಜೋಳದ ಬುಶೆಲ್ 25.4 ಕಿಲೊ, ಸೋಯಾಬೀನ್ ಬುಶೆಲ್ 27.2 ಕಿಲೊ. ಗ್ಯಾಲನ್ ಎಂದರೆ 3.785 ಲೀಟರ್. ಎಕರೆ ಮಾತ್ರ ನಮ್ಮದೇ.

ಟ್ರ್ಯಾಕ್ಟರ್ ಓಡಿಸಲು ಬರುತ್ತದೆ ಎಂದು ಅರ್ಜಿಯಲ್ಲಿ ಬರೆದರೆ ಸಾಲದು. ಟ್ರ್ಯಾಕ್ಟರಿನಿಂದ ಬೇರೆ ಯಂತ್ರಕ್ಕೆ ಶಕ್ತಿ ಕೊಡುವ ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತಿನ ವೇಗದಲ್ಲಿ ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ; ಸಡಿಲ ಅಂಗಿಯ ತುದಿ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಸಗಣಿ ಗುಂಡಿಯ ಹೈಡ್ರೋಜನ್ ಸಲ್ಫೈಡ್, ರಸಮೇವು ತುಂಬಿದ ಮೊದಲ ಮೂರು ವಾರ ಸೈಲೋದಲ್ಲಿ ಹುಟ್ಟುವ ನೈಟ್ರೋಜನ್ ಡೈಆಕ್ಸೈಡ್, ಎರಡೂ ಪ್ರಾಣ ತೆಗೆಯುತ್ತವೆ. ಒಳಗೆ ಬಿದ್ದವರನ್ನು ಎತ್ತಲು ಇಳಿದವರೂ ಸಾಯುವುದು ಇಂಥಲ್ಲೇ. ತರಬೇತಿ, ಸಲಕರಣೆ ಇಲ್ಲದೆ ಇಳಿ ಎಂದರೆ ಇಳಿಯುವುದಿಲ್ಲ ಎನ್ನಿ, ಪ್ರಾಯೋಜಕರಿಗೆ ಕರೆ ಮಾಡಿ.

ತಲುಪಿದ ಮೇಲೆ ಪ್ರಾಯೋಜಕರಿಗೆ ವಿಳಾಸ ತಿಳಿಸಿ. ಅವರು ಸೆವಿಸ್‌ನಲ್ಲಿ ನಿಮ್ಮ ದಾಖಲೆಯನ್ನು ಸಕ್ರಿಯಗೊಳಿಸಿದ ಮೇಲೆ, ಸುಮಾರು ಹತ್ತು ದಿನ ಬಿಟ್ಟು ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಹೋಗಿ. ಅದಕ್ಕೂ ಮೊದಲು ಹೋದರೆ ಕಂಪ್ಯೂಟರಿನಲ್ಲಿ ನಿಮ್ಮ ಹೆಸರೇ ಕಾಣದೆ ವಾಪಸು ಬರಬೇಕಾಗಬಹುದು. ಮೊದಲ ಪೇ ಸ್ಲಿಪ್ ಬಂದಾಗ ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ) ತೆರಿಗೆ 6.2 ಶೇಕಡಾ, ಮೆಡಿಕೇರ್ (ವೃದ್ಧರ ಆರೋಗ್ಯ ವಿಮೆ) ತೆರಿಗೆ 1.45 ಶೇಕಡಾ ಮುರಿದಿದ್ದಾರೆಯೇ ನೋಡಿ. ಹೊಸದಾಗಿ ಹೋದ ಜೆ-1 ಇಂಟರ್ನ್‌ಗೆ ಇವೆರಡೂ ಇಲ್ಲ, ಆದರೆ ಸಣ್ಣ ಫಾರ್ಮ್‌ಗಳ ಲೆಕ್ಕಿಗರಿಗೆ ಇದು ಗೊತ್ತಿರುವುದಿಲ್ಲ. ಮೊದಲು ಮಾಲೀಕರಲ್ಲೇ ಹಿಂತಿರುಗಿಸಲು ಕೇಳಿ. ಆಗದಿದ್ದರೆ ತೆರಿಗೆ ಇಲಾಖೆಗೆ ಫಾರಂ 843 ಹಾಕಬಹುದು. ಆದಾಯ ತೆರಿಗೆ ಮಾತ್ರ ಕಟ್ಟಲೇಬೇಕು. ಮರುವರ್ಷದ ಏಪ್ರಿಲ್ 15ರೊಳಗೆ ಅನಿವಾಸಿಗಳ ಆದಾಯ ತೆರಿಗೆ ಫಾರಂ 1040-ಎನ್‌ಆರ್ ಜತೆ ಫಾರಂ 8843 ಸಲ್ಲಿಸಿ. ಊರಿಗೆ ವಾಪಸು ಬಂದ ಮೇಲೂ ಈ ಗಡುವು ತಪ್ಪುವುದಿಲ್ಲ, ಹಾಗಾಗಿ ವರ್ಷದ ಸಂಬಳ, ತೆರಿಗೆ ಕಡಿತದ ಪತ್ರವಾದ ಡಬ್ಲ್ಯು-2 ಕಳಿಸಲು ಊರಿನ ವಿಳಾಸ, ಇಮೇಲ್ ಕೊಟ್ಟೇ ಫಾರ್ಮ್‌ನಿಂದ ಹೊರಡಿ.