ಈ ಸರ್ಟಿಫಿಕೇಟು ನಡೆಯುತ್ತಾ ಸರ್?

ಬಳ್ಳಾರಿಯಲ್ಲಿ ಮಕ್ಕಳಿಗೆ ಕರಾಟೆ ಕಲಿಸುವ ನನ್ನನ್ನು ತಂದೆ ತಾಯಂದಿರು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಫೈಲು ಬಿಚ್ಚಿ ಸರ್ಟಿಫಿಕೇಟು ಮುಂದಿಟ್ಟು, "ಸರ್, ಇದಕ್ಕೆ ಮಾನ್ಯತೆ ಇದೆಯಾ? ಕ್ರೀಡಾ ಕೋಟಾಕ್ಕೆ ನಡೆಯುತ್ತಾ?" ಅಂತಾರೆ. ಕೇಳಲೇಬೇಕಾದ ಪ್ರಶ್ನೆ. ಕಲ್ಯಾಣ ಕರ್ನಾಟಕದವರಿಗೆ ಓದು, ಕೆಲಸದಲ್ಲಿ ಮೀಸಲಾತಿ ಕೊಡುವ 371ಜೆ ಬಂದ ಮೇಲೆ ಒಂದು ಕಾಗದಕ್ಕೆ ಎಷ್ಟು ಬೆಲೆ ಅನ್ನೋದು ನಮ್ಮ ಕಡೆ ಪ್ರತಿ ಮನೆಗೂ ಗೊತ್ತು.

ನನ್ನ ಉತ್ತರ ಇಷ್ಟು: ಕಾಗದದ ಅಂದ ನೋಡಬೇಡಿ, ಕೊಟ್ಟವರ ಮೇಲೆ ಯಾರಿದ್ದಾರೆ ನೋಡಿ. ಮೊನ್ನೆ ಒಬ್ಬ ತಾಯಿ ತಂದಿದ್ದ ಸರ್ಟಿಫಿಕೇಟಿನ ಮೇಲ್ಗಡೆ ಎರಡು ಗ್ಲೋಬು, ಕೆಳಗೆ ಬಂಗಾರದ ಬಣ್ಣದ ಸ್ಟಿಕ್ಕರು, ಮೂರು ಸಹಿ, ದಪ್ಪ ಅಕ್ಷರದಲ್ಲಿ 'ಇಂಟರ್‌ನ್ಯಾಷನಲ್ ಓಪನ್'. ಆದರೆ ಮಗಳನ್ನು ಕಳಿಸಿದ ರಾಜ್ಯ ಸಂಸ್ಥೆ ಯಾವುದು, ಅದು ಯಾವ ರಾಷ್ಟ್ರೀಯ ಸಂಸ್ಥೆಗೆ ಸೇರಿದ್ದು ಅಂತ ಒಂದು ಸಾಲೂ ಇರಲಿಲ್ಲ. ಆ ಹುಡುಗಿಯ ಕಟಾ, ಅಂದರೆ ಒಬ್ಬಳೇ ಕ್ರಮವಾಗಿ ಮಾಡಿತೋರಿಸುವ ಪಟ್ಟುಗಳನ್ನು ನೋಡಿದೆ. ನಿಲುವು ಗಟ್ಟಿ, ತಿರುಗುವಾಗ ಹಿಮ್ಮಡಿ ನೆಲ ಬಿಡಲ್ಲ. ಅವಳ ಶ್ರಮ ನಿಜ. ಅದನ್ನು ಬರೆದುಕೊಟ್ಟ ಕಾಗದಕ್ಕೆ ಮಾತ್ರ ಬಲ ಇಲ್ಲ.

ಮಾನ್ಯತೆ ಮೇಲಿಂದ ಕೆಳಕ್ಕೆ ಇಳಿದು ಬರುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಒಂದು ಆಟಕ್ಕೆ ಒಂದೇ ವಿಶ್ವ ಸಂಸ್ಥೆಯನ್ನು ಒಪ್ಪುತ್ತದೆ. ಆ ಸಂಸ್ಥೆ ದೇಶಕ್ಕೊಂದನ್ನು ಒಪ್ಪುತ್ತದೆ. ಕೆಳಗೆ ರಾಜ್ಯ, ಆಮೇಲೆ ಜಿಲ್ಲೆ. ನಮ್ಮ ದೇಶದಲ್ಲಿ ಸರ್ಕಾರದ ಕಡೆಯ ಮಾನ್ಯತೆ ಬೇರೆ ಬೇಕು. ನಡುವೆ ಎಲ್ಲಿ ಜಗಳ ಬಿದ್ದರೂ ಏಟು ತಿನ್ನುವುದು ಕೆಳಗಿರುವ ಮಗು.

ಕರಾಟೆಯಲ್ಲಿ ಈ ಜಗಳ ಹಳೇದು. 1985ರಲ್ಲಿ ಒಲಿಂಪಿಕ್ ಸಮಿತಿ ಒಂದು ವಿಶ್ವ ಸಂಸ್ಥೆಯನ್ನು ಒಪ್ಪಿತು. ಎದುರು ಬಣ ಸುಮ್ಮನಿರಲಿಲ್ಲ. ಈಗಿನ ವರ್ಲ್ಡ್ ಕರಾಟೆ ಫೆಡರೇಷನ್‌ಗೆ ಮಾನ್ಯತೆ ಗಟ್ಟಿಯಾಗುವ ಹೊತ್ತಿಗೆ 1999 ಬಂತು. ಕರಾಟೆ ಒಲಿಂಪಿಕ್ಸ್ ಅಂಗಳ ಕಂಡದ್ದು ಟೋಕಿಯೋದಲ್ಲಿ ಮಾತ್ರ, ಪ್ಯಾರಿಸ್‌ನಲ್ಲಿ ಇರಲೇ ಇಲ್ಲ. ನಮ್ಮಲ್ಲೂ ಅದೇ ಕಥೆ. ಪದಾಧಿಕಾರಿಗಳ ಒಳಜಗಳ ಹೆಚ್ಚಾಗಿ, 2020ರಲ್ಲಿ ವಿಶ್ವ ಫೆಡರೇಷನ್ ಕರಾಟೆ ಅಸೋಸಿಯೇಷನ್ ಆಫ್ ಇಂಡಿಯಾವನ್ನು ಹೊರಗಿಟ್ಟಿತು. ಆಮೇಲೆ ಕರಾಟೆ ಇಂಡಿಯಾ ಆರ್ಗನೈಸೇಷನ್ ಬಂತು.

ಇದು ಕರಾಟೆಯವರ ರೋಗ ಮಾತ್ರ ಅಂದುಕೊಳ್ಳಬೇಡಿ. ಬಾಕ್ಸಿಂಗ್ ನೋಡಿ. 2012ರ ಕೊನೆಗೆ ನಮ್ಮ ಬಾಕ್ಸಿಂಗ್ ಸಂಸ್ಥೆ ಅಮಾನತಾಯಿತು. 2013ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಮ್ಮ ಹುಡುಗರು ತ್ರಿವರ್ಣ ಬಿಟ್ಟು ವಿಶ್ವ ಸಂಸ್ಥೆಯ ಬಾವುಟದಡಿ ಆಡಿದರು. ಮುಂದೆ 2023ರಲ್ಲಿ ಆ ವಿಶ್ವ ಸಂಸ್ಥೆಯ ಮಾನ್ಯತೆಯನ್ನೇ ಒಲಿಂಪಿಕ್ ಸಮಿತಿ ಕಿತ್ತುಹಾಕಿತು. ಅದರ ಜಾಗಕ್ಕೆ ಬಂದ ವರ್ಲ್ಡ್ ಬಾಕ್ಸಿಂಗ್‌ಗೆ 2025ರಲ್ಲಿ ತಾತ್ಕಾಲಿಕ ಮಾನ್ಯತೆ ಸಿಕ್ಕಿತು. ಕುಸ್ತಿಯಲ್ಲೂ 2023ರಲ್ಲಿ ಫೆಡರೇಷನ್ ಅಮಾನತಾಗಿ, ಅಂತಿಮ್ ಪಂಘಾಲ್ ವಿಶ್ವ ಚಾಂಪಿಯನ್‌ಷಿಪ್ ಕಂಚು ಗೆದ್ದಾಗ ಹೆಸರಿನ ಮುಂದೆ ಭಾರತ ಇರಲಿಲ್ಲ. ನಮ್ಮ ತೋರಣಗಲ್ಲಿನ ಹತ್ತಿರವೇ ವಿಜಯನಗರದ ಇನ್‌ಸ್ಪೈರ್ ಕ್ರೀಡಾ ತರಬೇತಿ ಸಂಸ್ಥೆಯಲ್ಲಿ ಬಾಕ್ಸಿಂಗ್, ಕುಸ್ತಿ, ಜೂಡೋ ಕಲಿಯುವ ಮಕ್ಕಳಿದ್ದಾರೆ. ದೊಡ್ಡವರ ಈ ಜಗಳ ಅವರ ಮೈಮೇಲೂ ಬರುತ್ತದೆ. ಹದಿನಾರರ ವಯಸ್ಸಿನ ಒಂದು ವರ್ಷ ಹೋದರೆ ವಾಪಸ್ ಬರಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ. ಸಂಸ್ಥೆಗಳನ್ನು ಬೇಕಾದರೆ ಅಮಾನತು ಮಾಡಿ, ಮಕ್ಕಳ ಟೂರ್ನಮೆಂಟು ನಿಲ್ಲಿಸಬೇಡಿ.

ಈಗ ನೀವು ಮಾಡಬೇಕಾದ್ದು. ಬೆಲ್ಟಿನ ಸರ್ಟಿಫಿಕೇಟು ಬೇರೆ, ಸ್ಪರ್ಧೆಯ ಸರ್ಟಿಫಿಕೇಟು ಬೇರೆ. ಬ್ಲ್ಯಾಕ್ ಬೆಲ್ಟ್ ಕಲಿತದ್ದಕ್ಕೆ ಸಾಕ್ಷಿ, ಕೋಟಾಕ್ಕೆ ಅಲ್ಲ. ಎಂಟ್ರಿ ಫೀಸು ಕಟ್ಟುವ ಮೊದಲೇ ರಾಜ್ಯ ಸಂಸ್ಥೆಯ ಹೆಸರು ಕೇಳಿ. ಅದು ಈ ವರ್ಷ ರಾಷ್ಟ್ರೀಯ ಸಂಸ್ಥೆಯ ಪಟ್ಟಿಯಲ್ಲಿದೆಯಾ ನೋಡಿ. ಹೋದ ವರ್ಷ ಇತ್ತು ಅನ್ನುವ ಮಾತು ನಂಬಬೇಡಿ. ಮಾಸ್ಟರ್ ಸಿಟ್ಟಾದರೂ ಪರವಾಗಿಲ್ಲ, ನಾನಾದರೂ ಸರಿ, ಕೇಳಿ.

ಇನ್ನೊಂದು ದಾರಿ ಶಾಲಾ ಕ್ರೀಡಾಕೂಟ. ಅದನ್ನು ನಡೆಸುವುದು ಶಿಕ್ಷಣ ಇಲಾಖೆ. ಜಿಲ್ಲೆಯಲ್ಲಿ ಗೆದ್ದರೆ ಕಲಬುರಗಿ ವಿಭಾಗ, ಅಲ್ಲಿಂದ ರಾಜ್ಯ. ಬಣಗಳ ಕಾಟ ಅಲ್ಲಿ ಕಡಿಮೆ. ಶಾಲೆ ಶುರುವಾದ ಕೂಡಲೇ ಪಿಇ ಮೇಷ್ಟ್ರ ಹತ್ತಿರ ಮಗುವಿನ ಹೆಸರು ಬರೆಸಿ, ವಯಸ್ಸಿನ ದಾಖಲೆಯ ಜೆರಾಕ್ಸು ಜೊತೆಗೇ ಕೊಟ್ಟುಬನ್ನಿ.