ಬೆಳಗಾವಿಯ ಬಸ್ಸಿನವರಿಗೆ ಇನ್‌ಸ್ಪೆಕ್ಟರ್ ಮಾಡಿಸಿದ ಫೋನು

ಏರ್‌ಲೈನ್ ಶುರು ಮಾಡೋಕೆ ವಿಮಾನ ಬೇಕು, ದುಡ್ಡು ಬೇಕು ಅಂತ ಎಲ್ಲರಿಗೂ ಗೊತ್ತು. ಕಪಾಟು ತುಂಬಾ ಪುಸ್ತಕವೂ ಬೇಕು ಅನ್ನೋದು ಆ ಕೆಲಸಕ್ಕೆ ಸೇರಿದ ಮೇಲೇ ನನಗೆ ತಿಳಿದದ್ದು. ಬೆಂಗಳೂರಿನಲ್ಲಿ ಆಗಷ್ಟೇ ಕಣ್ಣು ಬಿಡುತ್ತಿದ್ದ ಸಣ್ಣ ಕಂಪನಿ ಅದು. ನನ್ನ ಕೆಲಸ ಮ್ಯಾನುಯಲ್ ಬರೆಯುವುದು. ಆಪರೇಷನ್ಸ್ ಮ್ಯಾನುಯಲ್ ಒಂದೇ ಎ, ಬಿ, ಸಿ, ಡಿ ಅಂತ ನಾಲ್ಕು ಭಾಗ. ಸೇಫ್ಟಿಗೆ ಒಂದು, ಕ್ಯಾಬಿನ್ ಸಿಬ್ಬಂದಿಗೆ ಒಂದು, ಮೇಂಟೆನೆನ್ಸ್‌ಗೆ ಒಂದು, ಅಪಾಯಕಾರಿ ಸರಕಿಗೆ ಒಂದು, ಗ್ರೌಂಡ್ ಹ್ಯಾಂಡ್ಲಿಂಗ್‌ಗೆ ಇನ್ನೊಂದು. ಪೈಲಟ್‌ಗಳು ನಮ್ಮ ರೂಮಿಗೆ ಗ್ರಂಥಾಲಯ ಅಂತಲೇ ಹೆಸರಿಟ್ಟಿದ್ದರು.

ವಿಮಾನಯಾನ ಸಚಿವಾಲಯದ ಎನ್‌ಒಸಿ, ಅಂದರೆ ನಮ್ಮ ಅಭ್ಯಂತರ ಇಲ್ಲ ಅನ್ನೋ ಪತ್ರ, ನಾನು ಸೇರುವ ಮೊದಲೇ ಬಂದಿತ್ತು. ಅದಕ್ಕೆ ಬೇಕಾದ್ದು ಹಣದ ಲೆಕ್ಕ, ಡೈರೆಕ್ಟರ್‌ಗಳ ಸೆಕ್ಯೂರಿಟಿ ಕ್ಲಿಯರೆನ್ಸ್, ಅಧ್ಯಕ್ಷರೂ ಮೂರರಲ್ಲಿ ಎರಡು ಪಾಲು ಡೈರೆಕ್ಟರ್‌ಗಳೂ ಭಾರತೀಯರೇ ಆಗಿರಬೇಕು ಅನ್ನೋ ನಿಯಮ, ಇಂಥವು. ಅಲ್ಲಿಂದ ಮುಂದಿನದು ಡಿಜಿಸಿಎ ದಾರಿ, ಅಂದರೆ ದೇಶದ ವಿಮಾನಯಾನ ಸುರಕ್ಷತೆ ನೋಡಿಕೊಳ್ಳೋ ಸರ್ಕಾರಿ ನಿರ್ದೇಶನಾಲಯದ್ದು. ಒಟ್ಟು ಐದು ಹಂತ: ಮೊದಲ ಮಾತುಕತೆ, ಅರ್ಜಿ, ದಾಖಲೆ ಪರಿಶೀಲನೆ, ಕಣ್ಣೆದುರು ಮಾಡಿ ತೋರಿಸುವುದು, ಕೊನೆಗೆ ಏರ್‌ಲೈನ್ ನಡೆಸೋಕೆ ಬೇಕಾದ ಪರವಾನಗಿ, ಏರ್ ಆಪರೇಟರ್ ಸರ್ಟಿಫಿಕೇಟ್. ಎಲ್ಲರ ಬಾಯಲ್ಲೂ ಅದು ಬರೀ 'ಎಒಸಿ'.

ಮನುಷ್ಯರನ್ನು ಹಣ್ಣು ಮಾಡೋದು ಮೂರನೇ ಹಂತ. ಪ್ರಯಾಣಿಕರಿಗೆ 'ಸಾಧ್ಯವಾದಷ್ಟು ಬೇಗ' ತಿಳಿಸಬೇಕು ಅಂತ ಒಂದು ಕಡೆ ಬರೆದಿದ್ದೆವು. ಡಿಜಿಸಿಎಯಿಂದ ಪ್ರಶ್ನೆ ಬಂತು: ಬೇಗ ಅಂದರೆ ಎಷ್ಟು ನಿಮಿಷ? ತಿಳಿಸೋದು ಯಾರು? ಅವರು ರಜೆಯಲ್ಲಿದ್ದರೆ ಯಾರು? ಒಂದು ವಾಕ್ಯಕ್ಕೆ ಮೂರು ಪ್ರಶ್ನೆ. ಮೊದಮೊದಲು ಸಿಟ್ಟು ಬರುತ್ತಿತ್ತು. ನಮ್ಮ ಫ್ಲೈಟ್ ಸೇಫ್ಟಿ ಮುಖ್ಯಸ್ಥರು ಮಾತ್ರ ನಗುತ್ತಿದ್ದರು. "2014 ನೆನಪಿದೆಯಾ?" ಅನ್ನುತ್ತಿದ್ದರು. ಆ ವರ್ಷ ಜನವರಿಯಲ್ಲಿ ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎ ಭಾರತದ ಸುರಕ್ಷತಾ ದರ್ಜೆಯನ್ನು ಒಂದರಿಂದ ಎರಡಕ್ಕೆ ಇಳಿಸಿತ್ತು. ಡಿಜಿಸಿಎಯಲ್ಲಿ ತರಬೇತಿ ಪಡೆದ ಇನ್‌ಸ್ಪೆಕ್ಟರ್‌ಗಳು ಸಾಕಷ್ಟಿಲ್ಲ ಅನ್ನೋದು ಮುಖ್ಯ ದೂರುಗಳಲ್ಲಿ ಒಂದು. ನಮ್ಮ ಏರ್‌ಲೈನ್‌ಗಳು ಅಮೆರಿಕಕ್ಕೆ ಹೊಸ ವಿಮಾನ ಹಾಕೋ ಹಾಗಿರಲಿಲ್ಲ. ದರ್ಜೆ ವಾಪಸ್ ಬಂದದ್ದು 2015ರ ಏಪ್ರಿಲ್‌ನಲ್ಲಿ. "ಇವರು ಕೇಳದಿದ್ದರೆ ಇವರನ್ನು ಇನ್ಯಾರೋ ಕೇಳ್ತಾರೆ, ಬರೀರಿ ಸುಮ್ನೆ" ಅನ್ನೋದು ಅವರ ಮಾತು.

ನಮ್ಮ ಎಂಡಿಗೆ ಮಾತ್ರ ನಗು ಬರುತ್ತಿರಲಿಲ್ಲ. ವಿಮಾನ ಇಲ್ಲದೆ ಎಒಸಿ ಕೊಡುವುದಿಲ್ಲ, ಎಒಸಿ ಇಲ್ಲದೆ ಟಿಕೆಟ್ ಮಾರುವಂತಿಲ್ಲ. ಹಾಗಾಗಿ ಹೆಣ್ಣು ಗೊತ್ತಾಗೋ ಮೊದಲೇ ಛತ್ರ ಬುಕ್ ಮಾಡಿದ ಹಾಗೆ, ಒಂದು ಎಟಿಆರ್ 72 ವಿಮಾನವನ್ನು ಲೀಸಿಗೆ ತಂದು ನಿಲ್ಲಿಸಿದ್ದರು. ಬಾಡಿಗೆ, ಪೈಲಟ್‌ಗಳ ಸಂಬಳ, ಪಾರ್ಕಿಂಗ್ ಎಲ್ಲಾ ಓಡುತ್ತಿತ್ತು. ವಿಮಾನ ಮಾತ್ರ ಓಡುತ್ತಿರಲಿಲ್ಲ. ಆಕಾಸ ಏರ್‌ಗೆ ಎನ್‌ಒಸಿ ಸಿಕ್ಕಿದ್ದು 2021ರ ಅಕ್ಟೋಬರ್‌ನಲ್ಲಿ, ಎಒಸಿ ಬಂದದ್ದು 2022ರ ಜುಲೈನಲ್ಲಿ. ಅಷ್ಟು ದುಡ್ಡು, ಅಷ್ಟು ಅನುಭವಸ್ಥರು ಇದ್ದ ಕಂಪನಿಗೇ ಒಂಬತ್ತು ತಿಂಗಳು ಬೇಕಾಯಿತು ಅಂತ ನಮಗೆ ನಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದೆವು.

ಅಂತೂ ನಾಲ್ಕನೇ ಹಂತದ ಪ್ರೂವಿಂಗ್ ಫ್ಲೈಟ್ ದಿನ ಬಂತು, ಡಿಜಿಸಿಎ ಇನ್‌ಸ್ಪೆಕ್ಟರ್‌ಗಳ ಕಣ್ಣೆದುರು ಹಾರಿಸಿ ತೋರಿಸೋ ದಿನ. ನಿಜವಾದ ಪ್ರಯಾಣದ ಹಾಗೇ ಎಲ್ಲಾ ಇರಬೇಕು, ಟಿಕೆಟ್ ಕೊಂಡ ಪ್ರಯಾಣಿಕರು ಮಾತ್ರ ಇರಬಾರದು. ಅವರ ಜಾಗದಲ್ಲಿ ನಾವೇ, ಆಫೀಸಿನವರು. ಬೆಂಗಳೂರಿನಿಂದ ಹುಬ್ಬಳ್ಳಿಗೆ. ಏರ್ ಡೆಕ್ಕನ್ ಕೂಡ 2003ರ ಆಗಸ್ಟ್‌ನಲ್ಲಿ ಇದೇ ಎರಡು ಊರುಗಳ ನಡುವೆ ಎಟಿಆರ್ ಹಾರಿಸಿಯೇ ಶುರು ಮಾಡಿದ್ದು ಅಂತ ನಮ್ಮ ಕಮರ್ಷಿಯಲ್ ವಿಭಾಗದವರಿಗೆ ಒಂಥರಾ ಖುಷಿ.

ಚೆಕ್-ಇನ್‌ನಲ್ಲಿ ಬ್ಯಾಗ್ ತೂಗಿಸಿ ಬೋರ್ಡಿಂಗ್ ಪಾಸ್ ತಗೊಂಡೆವು. ಒಬ್ಬ ಇನ್‌ಸ್ಪೆಕ್ಟರ್ ತಮ್ಮ ಬ್ಯಾಗಿನಲ್ಲಿ ಬೇಕಂತಲೇ ಪವರ್ ಬ್ಯಾಂಕ್ ಇಟ್ಟು ಕೌಂಟರಿಗೆ ಕೊಟ್ಟರು. ಹುಡುಗಿ "ಒಳಗೆ ಪವರ್ ಬ್ಯಾಂಕ್, ಬ್ಯಾಟರಿ ಏನಾದ್ರೂ ಇದೆಯಾ ಸರ್?" ಅಂತ ಕೇಳಿದಳು, ಅದನ್ನು ತೆಗೆಸಿ ಅವರ ಕೈಗೇ ಕೊಟ್ಟಳು. ಅವರು ಏನೂ ಹೇಳದೆ ಗೀಚಿಕೊಂಡರು. ಎಟಿಆರ್‌ಗೆ ಹತ್ತುವುದು ಹಿಂದಿನ ಬಾಗಿಲಿನಿಂದ. ಅಲ್ಲೂ ಒಬ್ಬರು ಪ್ಯಾಡ್ ಹಿಡಿದು ನಿಂತಿದ್ದರು. ಸಣ್ಣ ವಿಮಾನ, ತೂಕ ಹಿಂದೆ ಮುಂದೆ ಆದರೆ ಲೆಕ್ಕ ತಪ್ಪುತ್ತದೆ. ಮುಂದಿನ ಸೀಟಿಗೆ ಹೋಗಿ ಕೂರೋಣ ಅಂದವರನ್ನೆಲ್ಲಾ ಗಗನಸಖಿ ಗದರಿಸಿ ಅವರವರ ಸೀಟಿಗೇ ಕಳಿಸಿದಳು.

ಮೇಲೇರಿದ ಸ್ವಲ್ಪ ಹೊತ್ತಿಗೆ ಕ್ಯಾಬಿನ್ ಇನ್‌ಸ್ಪೆಕ್ಟರ್ ಮೇಡಂ ನಮ್ಮ ಅಕೌಂಟ್ಸ್ ಹುಡುಗನ ಕೈಗೆ ಒಂದು ಚೀಟಿ ಕೊಟ್ಟರು. 'ನಿಮಗೆ ಎದೆನೋವು.' ಅವನೋ ಕಾಲೇಜಿನಲ್ಲಿ ನಾಟಕ ಆಡಿದವನು. "ಅಯ್ಯೋ ಅಮ್ಮಾ" ಅಂತ ಕಿರುಚಿ ಪಕ್ಕದವರ ಮೇಲೇ ಬಿದ್ದ. ನಗು ತಡೆಯೋಕೆ ಆಗದೆ ನಾವೆಲ್ಲಾ ಕಿಟಕಿ ಕಡೆ ತಿರುಗಿದೆವು. ಇಬ್ಬರು ಗಗನಸಖಿಯರು ಮಾತ್ರ ನಗಲಿಲ್ಲ. ಒಬ್ಬಳು ಕಾಲರ್ ಸಡಿಲ ಮಾಡಿದಳು, ಇನ್ನೊಬ್ಬಳು ಆಕ್ಸಿಜನ್ ಬಾಟಲ್ ತಂದು, ಕ್ಯಾಪ್ಟನ್‌ಗೆ ಇಂಟರ್‌ಫೋನ್‌ನಲ್ಲಿ ತಿಳಿಸಿ, ಡಾಕ್ಟರ್ ಇದ್ದೀರಾ ಅಂತ ಅನೌನ್ಸ್ ಮಾಡಿದಳು. ಮೇಡಂ ಒಂದು ಕಣ್ಣು ವಾಚ್ ಮೇಲೆ, ಇನ್ನೊಂದು ಕಣ್ಣು ನಾವು ಬರೆದ ಕ್ಯಾಬಿನ್ ಮ್ಯಾನುಯಲ್ ಮೇಲೆ ಇಟ್ಟಿದ್ದರು. ಸಾಲು ಸಾಲಾಗಿ ಬೆರಳಾಡಿಸುತ್ತಾ ಬಂದರು. ರೋಗಿ ಬದುಕಿದನೋ ಇಲ್ಲವೋ ಅವರಿಗೆ ಮುಖ್ಯ ಅಲ್ಲ ಅಂತ ಆಗ ಅನ್ನಿಸಿತು. ಪುಸ್ತಕದಲ್ಲಿ ಇದ್ದದ್ದನ್ನೇ ಮಾಡಿದರಾ, ಅದೇ ಅವರ ಪ್ರಶ್ನೆ.

ಕೆಳಗಿಳಿಯೋ ಹೊತ್ತಿಗೆ ಇನ್ನೊಂದು ಚೀಟಿ ಕಾಕ್‌ಪಿಟ್‌ಗೆ ಹೋಗಿತ್ತು. 'ಹುಬ್ಬಳ್ಳಿ ರನ್‌ವೇ ಬಂದ್.' ಕ್ಯಾಪ್ಟನ್ ಬೆಂಗಳೂರಿನ ಕಂಟ್ರೋಲ್ ರೂಮಿಗೆ ತಿಳಿಸಿ, ವಿಮಾನವನ್ನು ಬೆಳಗಾವಿಗೆ ತಿರುಗಿಸಿದರು. ಇಳಿದೆವು. ಇಂಧನ ಸರಿ, ಗ್ರೌಂಡ್ ಸಿಬ್ಬಂದಿ ಸರಿ. ಎಟಿಆರ್ ಬಾಗಿಲಿನಲ್ಲೇ ಮೆಟ್ಟಿಲು ಇರೋದರಿಂದ ಏಣಿಗೆ ಕಾಯೋ ಗೋಳಿಲ್ಲ. ಎಲ್ಲಾ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಹಿರಿಯ ಇನ್‌ಸ್ಪೆಕ್ಟರ್ ನನ್ನ ಕಡೆ ತಿರುಗಿದರು.

"ಇವರೆಲ್ಲಾ ಹುಬ್ಬಳ್ಳಿಗೆ ಹೇಗೆ ಹೋಗ್ತಾರೆ?"

"ಬಸ್ಸಿನಲ್ಲಿ ಸರ್. ಗ್ರೌಂಡ್ ಮ್ಯಾನುಯಲ್‌ನಲ್ಲಿ ನಂಬರ್ ಇದೆ."

"ಫೋನ್ ಮಾಡಿ. ಸ್ಪೀಕರ್ ಹಾಕಿ."

ಆ ನಂಬರ್ ಬರೆದ ಮೇಲೆ ಯಾರೂ ಡಯಲ್ ಮಾಡಿರಲಿಲ್ಲ ಅಂತ ಕಾಣುತ್ತೆ. ರಿಂಗಾಯಿತು, ರಿಂಗಾಯಿತು, ಕೊನೆಗೆ ಎತ್ತಿದರು. "ಯಾರ್ರೀ?" ನಾನು ಕಂಪನಿ ಹೆಸರು ಹೇಳಿದೆ. "ಯಾವ ಇಮಾನಾರೀ?" ಅಂದರು. ನನ್ನ ಎದೆ ಧಸಕ್ಕಂತು. ಒಂದು ಕ್ಷಣ ಬಿಟ್ಟು, "ಹಾಂ ಹಾಂ, ನಮ್ಮ ಹುಡುಗ ಹೇಳಿದ್ದ್ರೀ. ಎಷ್ಟ್ ಮಂದಿ ಅದೀರಿ? ಎರಡ್ ಗಾಡಿ ಕಳಸ್ತೀನಿ. ಊಟದ್ದೂ ನೋಡಬೇಕೇನ್ರೀ?" ಅಂದರು. ಇನ್‌ಸ್ಪೆಕ್ಟರ್‌ಗೆ ಕನ್ನಡ ಬರದು. ನಾನು ಹೇಳಿದ್ದನ್ನೆಲ್ಲಾ ಕೇಳಿಸಿಕೊಂಡು, "ಊಟದ ವಿಷಯ ನಿಮ್ಮ ಮ್ಯಾನುಯಲ್‌ನಲ್ಲಿ ಯಾವ ಪುಟದಲ್ಲಿದೆ?" ಅಂತ ಕೇಳಿದರು.

ಅವತ್ತಿನ ಫೈಂಡಿಂಗ್‌ಗಳ, ಅಂದರೆ ಇನ್‌ಸ್ಪೆಕ್ಟರ್‌ಗಳು ಕಂಡ ಕೊರತೆಗಳ ಪಟ್ಟಿಯಲ್ಲಿ ಅದೂ ಸೇರಿತು. ಬಸ್ಸಿನವರು ಹಗಲು ಹೊತ್ತು ಎತ್ತಿದರು, ರಾತ್ರಿ ಎತ್ತದಿದ್ದರೆ ಇನ್ನೊಂದು ನಂಬರ್ ಬೇಕು ಅಂತಲೂ ಬರೆದಿದ್ದರು. ಅತಿಯಾಯಿತು ಅಂದವರು ನಮ್ಮಲ್ಲಿ ಇದ್ದರು. ನನಗೆ ಹಾಗನ್ನಿಸಲಿಲ್ಲ. ಮಳೆಗಾಲದ ರಾತ್ರಿ ಮಗು ಎತ್ತಿಕೊಂಡು ಬೇರೆ ಊರಿನಲ್ಲಿ ಇಳಿದವರಿಗೆ ರೆಕ್ಕೆ, ಇಂಜಿನ್ ಚೆನ್ನಾಗಿತ್ತು ಅಂದರೆ ಸಾಕಾಗುತ್ತಾ?

ಫೈಂಡಿಂಗ್ ಒಂದೊಂದಕ್ಕೂ ಉತ್ತರ ಬರೆದು, ಪುಟ ಬದಲಿಸಿ, ರಿವಿಷನ್ ನಂಬರ್ ಏರಿಸಿ ಕಳಿಸಿದೆವು. ಎಒಸಿ ಬಂದ ದಿನ ಎಂಡಿ ಅದನ್ನು ಪ್ರಿಂಟ್ ತೆಗೆದು ಎಲ್ಲರಿಗೂ ತೋರಿಸುತ್ತಾ ಬಂದರು. ಕೇಸರಿಬಾತ್ ತರಿಸಿದ್ದರು. ಕಮರ್ಷಿಯಲ್‌ನವರು ಟಿಕೆಟ್ ಮಾರಾಟ ತೆರೆಯೋಕೆ ಓಡಿದರು. ಸರ್ಟಿಫಿಕೇಟಿನ ಜೊತೆಗಿದ್ದ ಪುಟದಲ್ಲಿ ಇದ್ದದ್ದು ಒಂದೇ ವಿಮಾನ. ಎರಡನೆಯದು ಆಗಲೇ ಪೇಂಟಿಗೆ ಹೋಗಿತ್ತು, ಅದನ್ನು ಸೇರಿಸಲು ಬೇರೆ ಅರ್ಜಿ ಹಾಕಬೇಕು. ಸಂಜೆಯೊಳಗೆ ಅದರ ಕಾಗದ ರೆಡಿ ಮಾಡಿ ಅಂತ ಮೇಲ್ ಬಂತು, ನಾನು ಕೈ ತೊಳೆದುಕೊಂಡು ಬಂದು ಕೂತೆ.